ಫಕೀರವ್ವನ ಮೊದಲ ರೊಟ್ಟಿ

ಮಂಗಳವ್ವ ಬ್ಯಾಡಗಿಯ ಲಕ್ಷ್ಮಪ್ಪನನ್ನು ಮದುವೆಯಾದ ದಿನ ಅವಳ ಕೊರಳಿಗೆ ಬಿದ್ದದ್ದು ತಾಳಿ ಒಂದೇ ಅಲ್ಲ. ತಾಳಿಯ ಪಕ್ಕಕ್ಕೆ ಬೆಳ್ಳಿಯ ಸಣ್ಣದೊಂದು ಬಿಲ್ಲೆಯನ್ನೂ ಅತ್ತೆ ಪೋಣಿಸಿದಳು. ಬಿಲ್ಲೆಯ ಮೇಲೆ ಕೈಮುಗಿದು ನಿಂತ ಹೆಣ್ಣಿನ ರೂಪ. ಆಕೆ ಲಕ್ಷ್ಮಪ್ಪನ ಮೊದಲ ಹೆಂಡತಿ ಫಕೀರವ್ವ. ಹಿಂದಿನ ಮಳೆಗಾಲದಲ್ಲಿ ವಾಂತಿಭೇದಿಯಿಂದ ತೀರಿಕೊಂಡಿದ್ದಳು. ಎರಡನೆಯ ಸಂಬಂಧಕ್ಕೆ ಬಂದವಳು ಸತ್ತ ಸವತಿಯನ್ನು ಕೊರಳಲ್ಲಿ ಹೊತ್ತೇ ಬಾಳಬೇಕು, ಇಲ್ಲದಿದ್ದರೆ ಅವಳು ಕಾಡುತ್ತಾಳೆ ಎಂದು ಮನೆಯವರ ನಂಬಿಕೆ. ಹೊತ್ತುಕೊಂಡರೆ ಕಾಡುವುದನ್ನು ಬಿಡುತ್ತಾಳೆಯೇ ಎಂದು ಮಾತ್ರ ಯಾರೂ ಕೇಳಲಿಲ್ಲ.

ಅದು ವಿಲಾಯತಿಯ ಕಡೆ ಯುದ್ಧ ಶುರುವಾದ ವರ್ಷ. ಹಲಗೇರಿಯಲ್ಲಿ ಅಣ್ಣಂದಿರ ಮನೆಯಲ್ಲಿ ಬೆಳೆದ ಮಂಗಳವ್ವನಿಗೆ ದುಡಿತ ಹೊಸದಲ್ಲ. ಅವಳು ರೊಟ್ಟಿ ಬಡಿಯತೊಡಗಿದರೆ ಆ ಸಪ್ಪಳಕ್ಕೇ ಹಸಿವಾಗುತ್ತದೆ ಎಂದು ತವರಿನ ಓಣಿಯವರು ಹೇಳುತ್ತಿದ್ದರು. ಬ್ಯಾಡಗಿಯಲ್ಲಿ ಯಾರೂ ಹಾಗೆನ್ನಲಿಲ್ಲ. ಲಕ್ಷ್ಮಪ್ಪ ಮೆಣಸಿನಕಾಯಿ ಪೇಟೆಯ ಒಂದು ಅಂಗಡಿಯಲ್ಲಿ ತೂಕ ಮಾಡುವವನು. ದಿನವಿಡೀ ಘಾಟು ಕುಡಿದು ಸೀನುತ್ತ ಬಂದು, ಮೊದಲ ತುತ್ತಿಗೇ ನಿಟ್ಟುಸಿರು ಬಿಡುತ್ತಿದ್ದ. "ಆಕಿ ಕೈಗುಣಾನ ಬ್ಯಾರೆ ಇತ್ತು." ಸತ್ತ ಎಮ್ಮೆಗೆ ಹತ್ತು ಸೇರು ಹಾಲು, ಸತ್ತ ಹೆಂಡತಿಯ ಎಣ್ಣೆಗಾಯಿಯ ರುಚಿಗೆ ಅಳತೆಯೇ ಇಲ್ಲ.

ಮನೆಗೆ ಒಂದು ಕಟ್ಟಳೆಯಿತ್ತು. ಹಂಚಿನಿಂದ ಇಳಿದ ಮೊದಲ ರೊಟ್ಟಿ ಫಕೀರವ್ವನದು. ಅದರ ಮೇಲೆ ಪಲ್ಯ, ಪಕ್ಕಕ್ಕೆ ಗುರೆಳ್ಳು ಚಟ್ನಿ ಇಟ್ಟು, ಹಿತ್ತಾಳೆಯ ಗಂಗಾಳವನ್ನು ಅಡುಗೆಮನೆಯ ಗೋಡೆಯಲ್ಲಿ ಗೂಡಿನಂತಿದ್ದ ಮಾಡದಲ್ಲಿ ಇಡಬೇಕು. ಮಿಕ್ಕವರೆಲ್ಲ ಉಂಡೆದ್ದ ಮೇಲೆ ಅದೇ ಗಂಗಾಳವನ್ನು ಇಳಿಸಿ ಮಂಗಳವ್ವ ಉಣ್ಣಬೇಕು. ಅಷ್ಟು ಹೊತ್ತಿಗೆ ಆ ರೊಟ್ಟಿ ತೊಗಲಿನಂತಾಗಿರುತ್ತಿತ್ತು. ಹರಿದು ಬಾಯಿಗಿಟ್ಟರೆ, ತಾನು ತಿನ್ನುತ್ತಿರುವುದು ಇನ್ನೊಬ್ಬಳ ಎಂಜಲು ಎಂದು ಅವಳಿಗೆ ಅನ್ನಿಸುತ್ತಿತ್ತು.

ಇಷ್ಟಾದರೂ ಸಹಿಸಬಹುದಿತ್ತು. ಉಪ್ಪಿನ ಭರಣಿಯದೇ ಬೇರೆ ಕಥೆ. ರಾತ್ರಿ ಮುಸುರೆ ತಿಕ್ಕಿ ಮುಗಿಸಿ ಮಂಗಳವ್ವ ಅದನ್ನು ಒಲೆಯ ಬಲಕ್ಕೆ ಇಡುತ್ತಿದ್ದಳು. ಬೆಳಿಗ್ಗೆ ನೋಡಿದರೆ ಅದು ಎಡಕ್ಕಿರುತ್ತಿತ್ತು. ದಿನಾ ಅಲ್ಲ, ಆಗೀಗ. ಒಮ್ಮೆ ಅತ್ತೆಯನ್ನು ಕೇಳಿದಳು. ಮುದುಕಿ ಮಾಡದ ಕಡೆ ನೋಡಿ ದನಿ ತಗ್ಗಿಸಿದಳು. "ಫಕೀರವ್ವ ಎಡಚಿ ಇದ್ದಳವ್ವ. ಉಪ್ಪು ಯಾವತ್ತೂ ಎಡಕ್ಕ ಇಡತಿದ್ಲು."

ಅಂದಿನಿಂದ ಮಂಗಳವ್ವ ಒಲೆಯ ಮುಂದೆ ಒಬ್ಬಳೇ ಕೂತದ್ದೇ ಇಲ್ಲ. ಅಂದರೆ, ಅವಳಿಗೆ ಹಾಗೆ ಅನ್ನಿಸುತ್ತಿತ್ತು. ಹಿಟ್ಟು ನಾದುವಾಗ ಬೆನ್ನ ಹಿಂದೆ ಯಾರೋ ಬಗ್ಗಿ ನೋಡಿದಂತೆ. ಬಿಲ್ಲೆ ಎದೆಗೆ ತಾಗಿದರೆ ತಣ್ಣಗಿನ ಬೆರಳು ತಾಗಿದಂತೆ. ಫಕೀರವ್ವನ ಮಗಳು ಚೆನ್ನಿ ಉಪ್ಪನ್ನು ಸರಿಸುತ್ತಿರಬೇಕು, ತಾಯಿ ಇಟ್ಟ ಜಾಗ ಹುಡುಗಿಗೆ ನೆನಪಿರಬೇಕು ಎಂದು ತನಗೆ ತಾನೇ ಧೈರ್ಯ ಹೇಳಿಕೊಳ್ಳುತ್ತಿದ್ದಳು.

ಚೆನ್ನಿಗೆ ಆಗಿನ್ನೂ ಹಾಲುಹಲ್ಲು ಬೀಳುವ ವಯಸ್ಸು. ಮಲತಾಯಿಯನ್ನು ಅವ್ವ ಎಂದಾಗಲಿ ಚಿಗವ್ವ ಎಂದಾಗಲಿ ಕರೆಯುತ್ತಿರಲಿಲ್ಲ. ರೊಟ್ಟಿ ಕೊಟ್ಟರೆ ಒಂದು ಚೂರು ಕಡಿದು, "ಇದು ಅವ್ವನ ರೊಟ್ಟಿ ಅಲ್ಲ" ಎಂದು ತಳ್ಳುತ್ತಿದ್ದಳು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎನ್ನುತ್ತಾರೆ. ಆ ಮನೆಯಲ್ಲಿ ಉಪ್ಪೂ ತಾಯಿಯದೇ ಆಗಿತ್ತು.

ಮೆಣಸಿನಕಾಯಿ ಸುಗ್ಗಿಯಲ್ಲಿ ಹುಡುಗಿಗೆ ಜ್ವರ ಬಂತು. ಜ್ವರ ಇಳಿದರೂ ಬಾಯಿ ತೆರೆಯಲಿಲ್ಲ. ಮಜ್ಜಿಗೆ ಬಿಟ್ಟರೆ ಏನೂ ಹೊಟ್ಟೆಗೆ ಹೋಗಲಿಲ್ಲ. ಕೈಬಳೆ ಮೊಣಕೈ ತನಕ ಜಾರುವಷ್ಟು ಸೊರಗಿದಳು. ದೇವರಗುಡ್ಡದ ಭಂಡಾರ ತಂದು ಹಣೆಗೆ ಹಚ್ಚಿದರೂ ಗುಣವಾಗಲಿಲ್ಲ. ಆಗ ಅತ್ತೆ ಖಂಡಿತವಾಗಿ ಹೇಳಿಬಿಟ್ಟಳು. "ಎಡಿಯೊಳಗ ನೀ ಏನೋ ತಪ್ಪು ಮಾಡಾಕತ್ತೀದಿ. ಅದಕ್ಕ ಆಕಿ ಮಗಳ್ನ ಕರಕೊಂಡು ಹೊಂಟಾಳ. ಬರೂ ಅಮಾಸಿಗೆ ಆಕಿಗೆ ಸೇರಿದ್ದನ್ನ ಮಾಡಿ ಇಡು. ಹುಡುಗಿ ಉಣ್ಣಲಿಲ್ಲಂದ್ರ ನೀ ಹಲಗೇರಿ ಹಾದಿ ಹಿಡಿ."

ಹಲಗೇರಿಯಲ್ಲಿ ಅವಳಿಗಾಗಿ ಯಾರೂ ಬಾಗಿಲು ತೆರೆದು ಕೂತಿರಲಿಲ್ಲ. ಆದರೆ ಮಂಗಳವ್ವನಿಗೆ ಅದಕ್ಕಿಂತ ಹೆಚ್ಚಿನ ಭಯ ಚೆನ್ನಿಯ ಜೀವದ್ದು. ತನ್ನನ್ನು ಒಮ್ಮೆಯೂ ಕರೆಯದ ಆ ಕೂಸನ್ನು ಅವಳು ಹೊಟ್ಟೆಯಲ್ಲಿ ಹುಟ್ಟಿದ್ದೆಂಬಂತೆ ಪ್ರೀತಿಸುತ್ತಿದ್ದಳು.

ಗಂಡನನ್ನು ಕೇಳಿದಳು. "ಆಕಿಗೆ ಏನು ಭಾಳ ಸೇರತಿತ್ತುರಿ?"

"ಬದನೀಕಾಯಿ ಎಣ್ಣಿಗಾಯಿ," ಎಂದ ಲಕ್ಷ್ಮಪ್ಪ, ಯೋಚನೆಯನ್ನೇ ಮಾಡದೆ.

ಅದನ್ನಂತೂ ವಾರಕ್ಕೊಮ್ಮೆ ಮಾಡಿ ಇಡುತ್ತಲೇ ಇದ್ದಳು. ಮಂಗಳವ್ವ ಪಕ್ಕದ ಮನೆಗೆ ಹೋದಳು. ಬಂಡಿ ಹೊಡೆಯುವ ಮಲಂಗಸಾಬನ ಹೆಂಡತಿ ರಸೂಲಬಿ ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಫಕೀರವ್ವನ ಜೀವದ ಗೆಳತಿ ಅವಳೇ. ಅದೇ ಪ್ರಶ್ನೆಯನ್ನು ಅವಳಿಗೂ ಕೇಳಿದಳು. ರಸೂಲಬಿಯ ಕೈ ನಿಂತಿತು.

"ಆಕಿ ಸತ್ತ ಮ್ಯಾಲೆ ಈ ಮಾತು ಕೇಳಿದಾಕಿ ನೀ ಒಬ್ಬಾಕಿ ನೋಡು. ಎಣ್ಣಿಗಾಯಿ ಸೇರತಿದ್ದದ್ದು ನಿನ್ನ ಗಂಡಗ. ಆಕಿಗೆ ಬದನೀಕಾಯಿ ತಿಂದ್ರ ಮೈ ಕೆರೀತಿತ್ತು."

"ಹಂಗಾದ್ರ ಏನು ಸೇರತಿತ್ತು ರಸೂಲಕ್ಕಾ?"

ರಸೂಲಬಿ ಮೊಣಕೈಯಿಂದ ಕಣ್ಣೊರೆಸಿಕೊಂಡಳು. ಅದು ಮೆಣಸಿನಕಾಯಿಯ ಘಾಟಿಗಲ್ಲ. "ಬಿಸೀದು. ಬಿಸೀದು ಏನಿದ್ರೂ ಸೇರತಿತ್ತು. ಎಲ್ಲಾರೂ ಉಂಡ ಮ್ಯಾಲೆ ತಂಗಳಾಗಿದ್ದನ್ನ ಉಂಡ್ಕೊಂತ ಬಂದಾಕಿ. ಒಂದ್ಸಲ ಮೊಹರಮ್ಮಿಗೆ ನಾ ಚೊಂಗೆ, ಸಿಹಿ ರೊಟ್ಟಿ ಮಾಡಾಕತ್ತಿದ್ದೆ. ಆಕಿ ಹಿತ್ತಲ ಬಾಗಿಲದಿಂದ ಬಂದು, ಹಂಚಿನ ಮ್ಯಾಲಿಂದ ಒಂದು ಇಸ್ಕೊಂಡು, ನಿಂತ ನಿಂತಲ್ಲೇ ತಿಂದ್ಲು. ಬಾಯಿ ಸುಡತಿತ್ತು, ನಗತಿದ್ಲು. 'ರಸೂಲಬಿ, ನನ್ನ ಒಲಿ ಮ್ಯಾಲಿನ ಒಂದು ಬಿಸಿ ರೊಟ್ಟಿ ನಾನ ತಿಂದು ಸಾಯಬೇಕು ನೋಡು' ಅಂದಿದ್ಲು. ಅದ ಮಳಿಗಾಲದಾಗ ಹೋದ್ಲು."

ಮಂಗಳವ್ವ ಮನೆಗೆ ಬಂದಳು. ಮಾಡದಲ್ಲಿ ಗಂಗಾಳವಿತ್ತು. ಮುಟ್ಟಿ ನೋಡಿದಳು. ರೊಟ್ಟಿ ತಣ್ಣಗಾಗಿತ್ತು. ಬದುಕಿದ್ದಾಗ ತಂಗಳು ಉಂಡವಳಿಗೆ ಸತ್ತ ಮೇಲೂ ಈ ಮನೆ ತಂಗಳನ್ನೇ ಬಡಿಸುತ್ತಿತ್ತು. ಅದನ್ನು ಉಣ್ಣಲು ಎರಡನೆಯವಳನ್ನೂ ತಂದಿತ್ತು. ಮಂಗಳವ್ವನಿಗೆ ಮೊದಲ ಸಲ ಫಕೀರವ್ವನ ಭಯ ಹೋಗಿ ಮನೆಯ ಮೇಲೆ ಸಿಟ್ಟು ಬಂತು.

ಅಮಾವಾಸ್ಯೆಯ ಮಧ್ಯಾಹ್ನ ಒಲೆ ಹೊತ್ತಿಸಿದಳು. ಚೆನ್ನಿಯನ್ನು ಕೌದಿಯ ಸಮೇತ ಎತ್ತಿ ತಂದು ಅಡುಗೆಮನೆಯ ಮೂಲೆಯಲ್ಲಿ ಮಲಗಿಸಿದ್ದಳು. ಮೊದಲ ರೊಟ್ಟಿ ಹಂಚಿನ ಮೇಲೆ ಉಬ್ಬಿತು. ಮಂಗಳವ್ವ ಅದನ್ನು ಮಾಡಕ್ಕೆ ಒಯ್ಯಲಿಲ್ಲ. ಒಲೆಯ ಮುಂದೆಯೇ ಕೂತು, ಮೇಲೆ ಬೆಣ್ಣೆ ಹಾಕಿ, ಆವಿ ಏಳುತ್ತಿರುವಾಗಲೇ ಮುರಿದು ಬಾಯಿಗಿಟ್ಟಳು. ನಾಲಿಗೆ ಸುಟ್ಟಿತು. ಕಣ್ಣಲ್ಲಿ ನೀರು ಬಂತು. ಎರಡನೆಯ ತುತ್ತು ಮುರಿದಾಗ ಗಮನಿಸಿದಳು: ಮುರಿಯುತ್ತಿದ್ದುದು ತನ್ನ ಎಡಗೈ. ಕೊರಳಲ್ಲಿದ್ದ ಬಿಲ್ಲೆ ಬೆಚ್ಚಗಾಗಿತ್ತು.

ಹೊಸ್ತಿಲಲ್ಲಿ ಅತ್ತೆ ನಿಂತಿದ್ದಳು. "ಎಡಿ ಇಡದ ಉಣ್ಣಾಕ ಕುಂತೇನ?"

"ನಾ ಉಂಡಿಲ್ಲರಿ ಅತ್ತಿ," ಎಂದಳು ಮಂಗಳವ್ವ. "ಆಕಿ ಉಣ್ಣಾಕತ್ತಾಳ. ಬಿಸೀದು ಉಣ್ಣಾಕತ್ತಾಳ."

ಮುದುಕಿಯ ಕಣ್ಣು ಸೊಸೆಯ ಮೇಲಿರಲಿಲ್ಲ, ಬೆಣ್ಣೆ ಕರಗುತ್ತಿದ್ದ ರೊಟ್ಟಿಯ ಮೇಲಿತ್ತು. ಅವಳೂ ಒಂದು ಕಾಲಕ್ಕೆ ಇದೇ ಒಲೆಯ ಮುಂದೆ ಸೊಸೆಯಾಗಿ ಕೂತವಳಲ್ಲವೇ?

ಆಗ ಕೌದಿಯೊಳಗಿಂದ ಸಣ್ಣ ದನಿ ಬಂತು. "ಚಿಗವ್ವಾ, ನನಗೊಂದು ತುತ್ತು."

ಮಂಗಳವ್ವ ಆ ದಿನ ಹಂಚಿನ ಮುಂದೆ ಅತ್ತಷ್ಟು ತನ್ನ ಜನ್ಮದಲ್ಲಿ ಅತ್ತಿರಲಿಲ್ಲ. ಹುಡುಗಿ ಅರ್ಧ ರೊಟ್ಟಿ ತಿಂದು ಮಲಗಿದಳು, ಸಂಜೆಗೆ ಎದ್ದು ಮತ್ತೆ ಕೇಳಿದಳು. ಹಲಗೇರಿಯ ಮಾತನ್ನು ಅತ್ತೆ ಮತ್ತೆಂದೂ ಎತ್ತಲಿಲ್ಲ.

ಮಾಡದ ಗಂಗಾಳ ಅಂದಿಗೇ ಕೆಳಗಿಳಿಯಿತು, ಮತ್ತೆ ಮೇಲೇರಲಿಲ್ಲ. ಯುದ್ಧದ ಅಭಾವದಲ್ಲಿ ಕಂಟ್ರೋಲು ಅಂಗಡಿಯ ಹುಳುಕು ಜೋಳ ತಿಂದ ವರ್ಷಗಳಲ್ಲೂ ಮಂಗಳವ್ವ ಮೊದಲ ರೊಟ್ಟಿಯನ್ನು ಬಿಸಿಬಿಸಿಯಾಗಿ ತಾನೇ ಉಂಡಳು. ಲಕ್ಷ್ಮಪ್ಪ ಕಾಯಬೇಕಾಯಿತು. ಮೊದಮೊದಲು ಗೊಣಗಿದ, ಆಮೇಲೆ ರೂಢಿಯಾಯಿತು.

ಸ್ವರಾಜ್ಯ ಬಂದ ಮರುವರ್ಷ ಚೆನ್ನಿಯನ್ನು ರಾಣೇಬೆನ್ನೂರಿಗೆ ಕೊಟ್ಟರು. ಹುಡುಗಿ ಗಂಡನ ಮನೆಗೆ ಹೋದ ಮೇಲೂ ಒಂದು ಬೆಳಿಗ್ಗೆ ಉಪ್ಪಿನ ಭರಣಿ ಎಡಕ್ಕಿತ್ತು. ಮಂಗಳವ್ವ ಅದನ್ನು ಸರಿಸಲಿಲ್ಲ. ಪಂಚಮಿಗೆ ಮಗಳು ತವರಿಗೆ ಬಂದಾಗ ಒಲೆಯ ಮುಂದೆ ಕೂರಿಸಿಕೊಂಡು ಕೇಳಿದಳು. "ಸಣ್ಣಾಕಿದ್ದಾಗ ಉಪ್ಪಿನ ಭರಣಿ ನೀನ ಸರಸತಿದ್ದಿ ಹೌದಲ್ಲ?"

"ನಾ ಯಾಕ ಸರಸಲಿ ಚಿಗವ್ವಾ? ನೀನ ಅಲ್ಲಿ ಇಡತೀದಿ ಅಂದ್ಕೊಂಡಿದ್ದೆ."

ಮಂಗಳವ್ವ ಉಬ್ಬಿದ ರೊಟ್ಟಿಯನ್ನು ಇಳಿಸಿ, ಬೆಣ್ಣೆ ಹಚ್ಚಿ, ಎಡಕ್ಕೆ ಕೈಚಾಚಿ ಚಿಟಿಕೆ ಉಪ್ಪು ಉದುರಿಸಿ ಉಂಡಳು. ಚೆನ್ನಿ ಆ ಎಡಗೈಯನ್ನೇ ನೋಡುತ್ತ ಕೂತಿದ್ದಳು. ರೊಟ್ಟಿ ಮುಗಿಯಿತು. ಆಗ ಅವಳು ಹಿಟ್ಟಿನ ಬುಟ್ಟಿಯನ್ನು ಮೆಲ್ಲಗೆ ಮಂಗಳವ್ವನ ಕಡೆ ಸರಿಸಿದಳು.

"ಇನ್ನೊಂದು ಬಡಿ ಚಿಗವ್ವಾ. ಅವ್ವಗ ಇನ್ನಾ ಹಸಿವು ಐತಿ."