ಡಿಸ್ಕಿನ ಸದ್ದು ಕೇಳುವ ಯುನ್ ಅಕ್ಕ

ಬೆಳಗಿನ ಐದೂ ಮುಕ್ಕಾಲು. ಕಾವ್‌ಶ್ಯುಂಗ್ ನಗರದ ರೈಲು ನಿಲ್ದಾಣದ ಹಿಂದಿನ ಬೀದಿಯಲ್ಲಿ ಸೋಯಾ ಹಾಲಿನ ಅಂಗಡಿ ಬಿಟ್ಟರೆ ಮಿಕ್ಕೆಲ್ಲ ಇನ್ನೂ ಬಾಗಿಲು ಹಾಕಿವೆ. ಲಾಯ್ ಮೇಸ್ತ್ರಿಯ ಶೂ ಅಂಗಡಿಯ ಷಟರ್ ಮಾತ್ರ ಅರ್ಧ ಎದ್ದಿದೆ. ಒಳಗೆ, ಚರ್ಮದ ಚೂರುಗಳ ನಡುವೆ, ಐವತ್ತೊಂಬತ್ತರ ಹೆಂಗಸೊಬ್ಬರು ಮೇಜಿಗೆ ಕೆನ್ನೆ ಆನಿಸಿ ಕಣ್ಣು ಮುಚ್ಚಿಕೊಂಡಿದ್ದಾರೆ. ಕಿವಿಯ ಪಕ್ಕದಲ್ಲಿ ಇಸ್ಪೀಟು ಕಟ್ಟಿನಷ್ಟು ದೊಡ್ಡದೊಂದು ಕಪ್ಪು ಹಾರ್ಡ್ ಡಿಸ್ಕ್. ಅದು ಟಿಕ್ ಟಿಕ್ ಅನ್ನುತ್ತದೆ, ಗುರ್ರೆಂದು ತಿರುಗಲು ನೋಡುತ್ತದೆ, ಮತ್ತೆ ಸುಮ್ಮನಾಗುತ್ತದೆ.

“ಸತ್ತಿಲ್ಲ,” ಅನ್ನುತ್ತಾರೆ ಕೋ ಪೀ-ಯುನ್, ಕಣ್ಣು ತೆರೆಯದೆ. “ಹೊಟ್ಟೆಗಿಲ್ದೆ ಒದ್ದಾಡ್ತಿದೆ ಅಷ್ಟೆ.”

“ಖಂಡಿತಾನಾ ಅಕ್ಕಾ?” ಲಾಯ್ ಮೇಸ್ತ್ರಿ ಬಗ್ಗಿ ಕೇಳುತ್ತಾರೆ. ಅವರಿಗೆ ಎಪ್ಪತ್ತಾರು. ಬೀದಿಯವರೆಲ್ಲ ಪೀ-ಯುನ್ ಅವರನ್ನು ಯುನ್ ಅಕ್ಕ ಅನ್ನುವುದರಿಂದ ಅವರೂ ಹಾಗೇ ಅನ್ನುತ್ತಾರೆ. ಡಿಸ್ಕ್ ಕೈಕೊಟ್ಟ ಹೊತ್ತಿನಲ್ಲಿ ಯಾರಿಗೂ ತಮ್ಮ ವಯಸ್ಸು ನೆನಪಿರುವುದಿಲ್ಲ.

ಮೇಸ್ತ್ರಿ ಹೆದರಿರುವುದಕ್ಕೆ ಕಾರಣವಿದೆ. ಅವರು ಹೊಲಿಯುವುದು ಎಲ್ಲರ ಕಾಲಿಗಾಗುವ ಶೂ ಅಲ್ಲ. ಪೋಲಿಯೊದಿಂದ ಒಂದು ಕಾಲು ಗಿಡ್ಡವಾದವರು, ಹುಟ್ಟುವಾಗಲೇ ಪಾದ ತಿರುಚಿಕೊಂಡವರು, ಬೆರಳು ಕಳೆದುಕೊಂಡವರು, ಇಂಥವರಿಗಾಗಿಯೇ ಇರುವ ಅಂಗಡಿ ಇದು. ಸಾವಿರದ ಮುನ್ನೂರು ಜನರ ಪಾದದ ಚಿತ್ರ ಮತ್ತು ಅಳತೆ ಕಂಪ್ಯೂಟರಿನಲ್ಲಿದ್ದವು. ಹೋದ ವಾರ ಸಿಡಿಲು ಬಡಿದು ಕಂಪ್ಯೂಟರ್ ಸುಟ್ಟುಹೋಯಿತು, ಒಳಗಿನ ಡಿಸ್ಕೂ ಕರಕಲಾಯಿತು. ಉಳಿದಿರುವುದು ಬ್ಯಾಕಪ್ ಇಟ್ಟ ಈ ಕಪ್ಪು ಪೆಟ್ಟಿಗೆ ಒಂದೇ.

“ಕಾಲು ಮತ್ತೆ ಅಳೀಬಹುದು,” ಅನ್ನುತ್ತಾರೆ ಮೇಸ್ತ್ರಿ. “ಎಲ್ಲಿ ಒತ್ತಿ ನೋವಾಯ್ತು, ಎಲ್ಲಿ ಎರಡು ಮಿಲಿಮೀಟರ್ ಕೆತ್ತಿದ್ಮೇಲೆ ನೋವು ಹೋಯ್ತು, ಎಲ್ಲಾ ಅದ್ರಲ್ಲಿ ಬರ್ದಿಟ್ಟಿದೀನಿ. ಇಪ್ಪತ್ತೆರಡು ವರ್ಷದ ನೋವನ್ನ ಎಲ್ಲಿಂದ ಮತ್ತೆ ಅಳೀಲಿ?”

ಗೋಡೆ ಪಕ್ಕದ ಬೆಂಚಿನಲ್ಲಿ ಲಾಟರಿ ಮಾರುವ ಹುಂಗ್ ಅಮ್ಮ ಕೂತಿದ್ದಾರೆ. ಬಲಗಾಲಿಗೆ ಸೀಳಿದ ಹಳೆ ಶೂ, ಎಡಗಾಲಿಗೆ ಮನೆಯ ಚಪ್ಪಲಿ, ಕೈಯಲ್ಲಿ ಊರುಗೋಲು. ಅವರ ಹೊಸ ಜೋಡಿಯ ಅಳತೆಯೂ ಈ ಪೆಟ್ಟಿಗೆಯಲ್ಲೇ ಇರಬೇಕು. “ನಿಧಾನಕ್ಕೆ ಮಾಡಿ,” ಅನ್ನುತ್ತಾರೆ ಅವರು. “ನನಗೇನು, ಓಡಿಹೋಗೋ ಕಾಲಾ ಇದು?”

ಹಿಂದಿನ ದಿನ ಹೊಸ ಕಂಪ್ಯೂಟರಿಗೆ ಡಿಸ್ಕ್ ಚುಚ್ಚಿದಾಗ ಪರದೆಯ ಮೇಲೆ ಒಂದು ಪ್ರಶ್ನೆ ಎದ್ದಿತ್ತು: ಫಾರ್ಮ್ಯಾಟ್ ಮಾಡಬೇಕೆ? ಮೇಸ್ತ್ರಿ ಹೂಂ ಅನ್ನುವುದರಲ್ಲಿದ್ದರು. ಯಾತಕ್ಕೂ ಇರಲಿ ಎಂದು ಯುನ್ ಅಕ್ಕನಿಗೆ ಫೋನ್ ಮಾಡಿದರು. “ಮೌಸ್ ಮೇಲಿಂದ ಕೈ ತೆಗೀರಿ! ಎರಡೂ ಕೈ ಜೇಬಲ್ಲಿಟ್ಕೊಳಿ!” ಎಂದು ಆ ಕಡೆಯಿಂದ ಬಂದ ಕೂಗು ಬೀದಿಗೆಲ್ಲ ಕೇಳಿಸಿತಂತೆ. ಹೂಂ ಅಂದಿದ್ದರೆ ಎಲ್ಲವೂ ಅಳಿಸಿಹೋಗುತ್ತಿತ್ತು.

ಈ ಬೆಳಿಗ್ಗೆ ಯುನ್ ಅಕ್ಕನ ಜೊತೆ ಬಂದಿರುವ ನನಗೂ ಈ ಕೂಗಿನ ಪರಿಚಯ ಇದೆ. ನಾನು ಈ ಊರಿಗೆ ಬಂದು ಹದಿನೇಳು ವರ್ಷವಾಯಿತು. ನನ್ನ ಮಗಳ ಹಾಲುಹಲ್ಲಿನ ಫೋಟೋಗಳು ಇವತ್ತೂ ಇವೆ ಅಂದರೆ ಅದಕ್ಕೆ ಯುನ್ ಅಕ್ಕ ಕಾರಣ. ಹಾಗೆ ನೋಡಿದರೆ ಇಡೀ ಬೀದಿಯ ಅರ್ಧ ನೆನಪು ಈಕೆಯ ದಯೆಯಿಂದ ಉಳಿದಿದೆ, ಆದರೆ ಈಕೆಯ ಅಂಗಡಿಗೆ ಒಂದು ಬೋರ್ಡೂ ಇಲ್ಲ. ಕೇಬಲ್ ಮಾರುವವರ ಜಗಲಿಯಲ್ಲಿ ಒಂದು ಮೇಜು, ಒಂದು ಸ್ಟೂಲು, ಪಕ್ಕದಲ್ಲಿ ನಿಲ್ಲಿಸಿದ ಸ್ಕೂಟರ್. ಅಷ್ಟೇ ಆಸ್ತಿ.

ಹತ್ತೊಂಬತ್ತನೇ ವಯಸ್ಸಿಗೆ ಯುನ್ ಅಕ್ಕ ಹಾರ್ಡ್ ಡಿಸ್ಕ್ ಜೋಡಿಸುವ ಕಾರ್ಖಾನೆ ಸೇರಿದರು. ತಯಾರಾದ ಡಿಸ್ಕನ್ನು ಯಂತ್ರ ಪರೀಕ್ಷಿಸಿದ ಮೇಲೆ ಕಡೆಯದಾಗಿ ಕಿವಿಗೆ ಹಿಡಿದು ಕೇಳುವ ಸಾಲಿನಲ್ಲಿ ಹದಿನಾಲ್ಕು ವರ್ಷ ಕೂತರು. ಕಾರ್ಖಾನೆ ಒಂದು ದಿನ ಸಮುದ್ರದಾಚೆಗೆ ಹೊರಟುಹೋಯಿತು. ಮೂವತ್ತಮೂರರಲ್ಲಿ ಕೈಯಲ್ಲಿ ಕೆಲಸವಿಲ್ಲ, ಕಿವಿಯಲ್ಲಿ ಮಾತ್ರ ಲಕ್ಷಾಂತರ ಡಿಸ್ಕುಗಳ ಸದ್ದು. ರಿಪೇರಿ ಬೀದಿಗೆ ಬಂದಾಗ ಗಂಡಸರು ನಕ್ಕರು. “ಅಕ್ಕಾ, ರೈಸ್ ಕುಕ್ಕರ್ ರಿಪೇರಿ ಆ ಕಡೆ ಬೀದಿ ಅಂದ್ರು,” ಎಂದು ಯುನ್ ಅಕ್ಕ ಈಗ ನಗುತ್ತಾ ನೆನೆಯುತ್ತಾರೆ. ಆಗ ನಕ್ಕವರಲ್ಲಿ ಇಬ್ಬರು ಇವತ್ತು ತಮಗೆ ಬಗೆಹರಿಯದ ಡಿಸ್ಕನ್ನು ಕಾಗದದಲ್ಲಿ ಸುತ್ತಿಕೊಂಡು ಬಂದು ಇವರ ಸ್ಟೂಲಿನ ಪಕ್ಕ ನಿಲ್ಲುತ್ತಾರೆ. ನನಗಂತೂ ಆ ನೋಟ ಕಂಡರೆ ಬಲು ಖುಷಿ.

ದಿನಕ್ಕೆ ಆರೇಳು ಮನೆ, ಅಂಗಡಿ. ಜನ ಕೆಲಸ ಶುರು ಮಾಡುವ ಮುಂಚೆ ಕಂಪ್ಯೂಟರ್ ಬಿಡುವಾಗಿರುತ್ತದೆ ಎಂದು ಅರ್ಧಕ್ಕರ್ಧ ಎಂಟು ಗಂಟೆಯೊಳಗೇ ಮುಗಿಸುತ್ತಾರೆ. ಅವರದೊಂದು ಲೆಕ್ಕವಿದೆ: “ಹತ್ತು ಬ್ಯಾಕಪ್ ಕೆಟ್ಟಿದ್ರೆ ನಾಲ್ಕರಲ್ಲಿ ಕೇಬಲ್‌ದೇ ತಪ್ಪು. ಮೂರರಲ್ಲಿ ಡಿಸ್ಕ್ ತುಂಬಿರುತ್ತೆ, ಯಾರೂ ನೋಡಿರಲ್ಲ. ಎರಡರಲ್ಲಿ ಪಾಸ್‌ವರ್ಡ್ ಬದಲಾಯ್ಸಿ ಮರ್ತಿರ್ತಾರೆ. ನಿಜವಾಗ್ಲೂ ಸತ್ತಿರೋದು ಒಂದು. ಆದ್ರೆ ಹತ್ತೂ ಜನ ಅಳ್ತಾನೇ ಫೋನ್ ಮಾಡ್ತಾರೆ.”

ಈ ಹೊತ್ತಿಗೆ ಯುನ್ ಅಕ್ಕ ಡಿಸ್ಕಿನ ಬಾಲ ಹಿಡಿದು ಎಳೆಯುತ್ತಾರೆ. ತೆಳ್ಳನೆಯ ಬಿಳಿ ಕೇಬಲ್, ಎರಡು ಮಾರು ಉದ್ದ. “ಇಷ್ಟುದ್ದ ದಾರದಲ್ಲಿ ಇದಕ್ಕೆ ಕರೆಂಟ್ ತಲುಪೋದು ಹೇಗೆ? ಅರ್ಧ ದಾರೀಲೇ ಸೋರಿಹೋಗುತ್ತೆ.” ಚೀಲದಿಂದ ಗೇಣುದ್ದದ ದಪ್ಪ ಕೇಬಲ್ ತೆಗೆದು, ಕಂಪ್ಯೂಟರಿನ ಬೆನ್ನಿಗೇ ನೇರವಾಗಿ ಚುಚ್ಚುತ್ತಾರೆ. ಮತ್ತೆ ಕಿವಿ ಆನಿಸುತ್ತಾರೆ. ಟಿಕ್ ಇಲ್ಲ. ಸಣ್ಣಗೆ, ಬಿಡದೆ, ತಿರುಗುವ ಸದ್ದು. ಪರದೆಯ ಮೇಲೆ ಹೆಸರುಗಳ ಪಟ್ಟಿ ಸರಸರನೆ ಇಳಿಯುತ್ತದೆ.

ಮೇಸ್ತ್ರಿ ಕುರ್ಚಿ ಹಿಡಿದುಕೊಂಡು ಕೂರುತ್ತಾರೆ. ಆದರೆ ಯುನ್ ಅಕ್ಕನ ಹುಬ್ಬು ಗಂಟಿಕ್ಕಿದೆ. ಪೂರ್ತಿಯಾದ ಕೊನೆಯ ಬ್ಯಾಕಪ್ ಫೆಬ್ರವರಿಯದು, ಈಗ ಜೂನ್.

“ನಾಲ್ಕು ತಿಂಗಳು ಕೆಂಪು ಗುರುತು ಬಂದಿರ್ಬೇಕಲ್ಲ ಮೇಸ್ತ್ರಿ? ಪರದೆ ಮೂಲೇಲಿ?”

“ದೇವರಾಣೆ ಒಂದ್ಸಲಾನೂ ನೋಡಿಲ್ಲ.”

ಯುನ್ ಅಕ್ಕ ಪರದೆಯ ಬಲ ಮೂಲೆ ನೋಡುತ್ತಾರೆ. ಅಲ್ಲಿ ಹಸಿರು ಚೀಲದ ಕುರುಕಲು ತಿಂಡಿ ಪೊಟ್ಟಣ ಒರಗಿ ನಿಂತಿದೆ. ಈ ದೇಶದಲ್ಲಿ ಯಂತ್ರವಿರುವಲ್ಲೆಲ್ಲ ಇದು ಇರಲೇಬೇಕು, ಯಂತ್ರ ಹೇಳಿದ ಮಾತು ಕೇಳಿಕೊಂಡಿರಲಿ ಅಂತ. ಚೀಲ ಹಸಿರೇ ಆಗಬೇಕು, ತಾರೀಖು ಮೀರಿರಬಾರದು, ಒಂದು ಚೂರೂ ತಿನ್ನಬಾರದು. ಯುನ್ ಅಕ್ಕನ ಮೇಜಿನ ಮೇಲೂ ಒಂದಿದೆ.

“ಇದು ಹಳೇ ಕಂಪ್ಯೂಟರ್‌ಗೂ ಇಲ್ಲೇ ಇತ್ತಾ?”

ಒಳಗಿನಿಂದ ಮೇಸ್ತ್ರಿಯ ಹೆಂಡತಿ ಮೇಯ್‌ಕ್ವೇಯ್ ಬರುತ್ತಾರೆ, ಕೈಯಲ್ಲಿ ಗೆಣಸಿನ ಗಂಜಿಯ ಪಾತ್ರೆ. “ಇಲ್ಲೇ ಇತ್ತು! ಫೆಬ್ರವರೀಲಿ ನಮ್ಮ ಹೊಸ ವರ್ಷಕ್ಕೆ ಮನೆಯೆಲ್ಲಾ ತೊಳ್ದಾಗ ನಾನೇ ದೊಡ್ಡ ಪೊಟ್ಟಣ ತಂದಿಟ್ಟೆ. ಆ ಡಿಸ್ಕ್ ಪಾಪ ಹಿಂದ್ಗಡೆ ಒಂಟಿಯಾಗಿತ್ತು, ಅದಕ್ಕೂ ಕಾಪು ಇರ್ಲಿ ಅಂತ ಉದ್ದ ಕೇಬಲ್ ಹಾಕಿ ಪೊಟ್ಟಣದ ಪಕ್ಕಕ್ಕೇ ತಂದೆ.”

ಯಂತ್ರ ಕೆಡದಿರಲಿ ಎಂದು ಇಟ್ಟ ಪೊಟ್ಟಣವೇ ಕೆಟ್ಟಿದ್ದನ್ನು ನಾಲ್ಕು ತಿಂಗಳು ಮುಚ್ಚಿಟ್ಟಿದೆ. ಮೇಯ್‌ಕ್ವೇಯ್ ಮುಖ ಬಿಳಿಚಿಕೊಂಡಿದೆ. ಮೊದಲು ನಗುವವರು ಹುಂಗ್ ಅಮ್ಮ. “ನಿನ್ನ ಭಕ್ತಿ ಜಾಸ್ತಿಯಾಯ್ತು ಕಣೇ!”

“ಪೊಟ್ಟಣದ್ದೇನೂ ತಪ್ಪಿಲ್ಲ, ಜಾಗದ್ದು ತಪ್ಪು,” ಎಂದು ಯುನ್ ಅಕ್ಕ ಅದನ್ನು ಎರಡೂ ಕೈಯಲ್ಲಿ ಎತ್ತಿ ಕಂಪ್ಯೂಟರಿನ ನೆತ್ತಿಯ ಮೇಲಿಡುತ್ತಾರೆ. ಎಸೆಯುವ ಮಾತು ಅವರ ಬಾಯಲ್ಲೂ ಬರುವುದಿಲ್ಲ.

ಫೆಬ್ರವರಿಯಿಂದೀಚೆಗೆ ಅಳತೆ ಕೊಟ್ಟವರು ಮೂವತ್ತೆಂಟು ಜನ. ಹುಂಗ್ ಅಮ್ಮನ ಎಡಗಾಲು ಮತ್ತಷ್ಟು ಸೊರಗಿದ ಮೇಲೆ ಮೂರು ಸಲ ತಿದ್ದಿದ ಅಳತೆಯೂ ಅದರಲ್ಲೇ. ಅವೆಲ್ಲ ಹೋದವು ಎಂದೇ ಮೇಸ್ತ್ರಿ ತಲೆ ತಗ್ಗಿಸಿದ್ದಾರೆ. ಯುನ್ ಅಕ್ಕ ಮಾತ್ರ ಡಿಸ್ಕಿನ ಒಳಗೇ ಏನನ್ನೋ ಓದುತ್ತಿದ್ದಾರೆ. ಕೇಬಲ್ ಬಡವಾಗಿದ್ದರೂ ಡಿಸ್ಕ್ ದಿನಾ ಮಧ್ಯಾಹ್ನ ಎದ್ದು ಒಂದೊಂದೇ ಹೆಸರು ನಕಲು ಮಾಡಿಕೊಂಡು, ಮತ್ತೆ ಬಿದ್ದಿದೆ. ಮರುದಿನ ಬಿಟ್ಟಲ್ಲಿಂದ ಮುಂದಕ್ಕೆ. ಪೂರ್ತಿ ಆಗಲಿಲ್ಲವೆಂದು ಪ್ರತಿದಿನ ಕೆಂಪು ಗುರುತು, ಆದರೆ ಸೋತ ದಿನಗಳಲ್ಲೂ ಚೂರುಪಾರು ಕೆಲಸ ಆಗಿದೆ.

“ಮೇಯ್‌ಕ್ವೇಯ್ ಅಮ್ಮಾ, ಆರ್ಡರ್ ಪುಸ್ತಕ ತಗೊಂಡು ಹೆಸರು ಓದಿ.”

ಮೇಯ್‌ಕ್ವೇಯ್ ಓದುತ್ತಾರೆ. ಯುನ್ ಅಕ್ಕ ಬೆರಳಿಟ್ಟು ಹುಡುಕುತ್ತಾರೆ. “ಇದೆ.” ಮುಂದಿನ ಹೆಸರು. “ಇದೆ.” ಹತ್ತನೆಯದರ ಹೊತ್ತಿಗೆ ಮೇಸ್ತ್ರಿ ಎದ್ದು ನಿಂತಿದ್ದಾರೆ. ಹದಿನಾಲ್ಕನೆಯದು ಇಲ್ಲ. “ಹುಂಗ್...” ಎಂದು ಮೇಯ್‌ಕ್ವೇಯ್ ನಿಲ್ಲಿಸುತ್ತಾರೆ. ಬೆಂಚಿನಲ್ಲಿ ಊರುಗೋಲು ಕುಟ್ಟುತ್ತಿದ್ದ ಸದ್ದೂ ನಿಲ್ಲುತ್ತದೆ.

“ಇದೆ. ಮೂರು ಸಲ ತಿದ್ದಿದ್ದೂ ಇದೆ.”

ಮೂವತ್ತೆಂಟರಲ್ಲಿ ಮೂವತ್ತೈದು! ಹೊಸ ಡಿಸ್ಕಿಗೆ ಇನ್ನೊಂದು ನಕಲೂ ಆಗುತ್ತದೆ. ಸಿಗದ ಮೂವರಿಗೆ ಮೇಸ್ತ್ರಿ ಅವತ್ತೇ ಫೋನ್ ಮಾಡಿ ಕರೆಯುತ್ತಾರೆ. ಮೂವರೂ ಬರುತ್ತಾರೆ, ಒಬ್ಬರಂತೂ ಅನಾನಸ್ ಹೊತ್ತುಕೊಂಡು. ಆ ಬೆಳಿಗ್ಗೆ ಮೇಯ್‌ಕ್ವೇಯ್ ಎಲ್ಲರಿಗೂ ಗಂಜಿ ಬಡಿಸುವಾಗ ಅಳುತ್ತಲೂ ಇದ್ದರು, ನಗುತ್ತಲೂ ಇದ್ದರು. ನಾನೂ ಎರಡು ಬಟ್ಟಲು ಕುಡಿದೆ.

ಹೊರಡುವಾಗ ಮೇಸ್ತ್ರಿ ಬಾಗಿಲಿಗೆ ಅಡ್ಡ ನಿಂತರು. “ಏನು ಕೊಡ್ಲಿ ಅಕ್ಕಾ? ನಿಮ್ಮ ಕಾಲಿಗೊಂದು ಜೋಡಿ ಹೊಲೀತೀನಿ.”

ಯುನ್ ಅಕ್ಕ ಹೆಲ್ಮೆಟ್ ಕಟ್ಟಿಕೊಳ್ಳುತ್ತಾ ಅಂದರು: “ನನ್ನ ಕಾಲು ನೆಟ್ಟಗಿದೆ. ಒಂದು ಆಸೆ ಇದೆ, ನಗಬೇಡಿ. ಕೆಟ್ಟಾಗ ಎಲ್ರೂ ಫೋನ್ ಮಾಡ್ತಾರೆ. ಸರಿಯಾಗಿ ಆಯ್ತು ಅಂತ ಇಪ್ಪತ್ತಾರು ವರ್ಷದಲ್ಲಿ ಒಬ್ರೂ ಮಾಡಿಲ್ಲ. ನಾಳೆ ಬ್ಯಾಕಪ್ ಆದ್ರೆ ಒಂದು ಫೋನ್ ಮಾಡಿ.”

ಮರುದಿನ ಮಧ್ಯಾಹ್ನ ಒಂದೂ ಹತ್ತಕ್ಕೆ ಫೋನ್ ಬಂತು. ಊಟದ ಡಬ್ಬಿ ಅಲ್ಲೇ ಬಿಟ್ಟು ಯುನ್ ಅಕ್ಕ ಆಗಲೇ ಸ್ಕೂಟರಿನ ಕೀಲಿ ಹಿಡಿದಿದ್ದರು. “ಏನಾಯ್ತು ಮೇಸ್ತ್ರಿ?”

“ಏನೂ ಆಗಿಲ್ಲ. ಅದನ್ನ ಹೇಳಕ್ಕೇ ಮಾಡಿದ್ದು.”

ಅಂದಿನಿಂದ ದಿನವೂ ಬರುತ್ತಿದೆ. ಇವತ್ತಿಗೆ ಇಪ್ಪತ್ತೊಂದನೆಯ ದಿನ, ನಾನು ಯುನ್ ಅಕ್ಕನ ಮೇಜಿನೆದುರು ಕೂತಿದ್ದೇನೆ. ಒಂದೂ ಹತ್ತು. ಮೇಸ್ತ್ರಿಯ ದನಿಯಲ್ಲಿ ತುಂಟತನವಿದೆ. “ಬ್ಯಾಕಪ್ ಆಯ್ತು. ಇನ್ನೊಂದಿದೆ, ಫೋನ್ ನೆಲದ ಮೇಲಿಡ್ತೀನಿ. ಹುಂಗ್ ಅಮ್ಮ ಬಂದಿದಾರೆ, ಹೊಸ ಶೂ ಹಾಕ್ಕೊಂಡು. ಕೇಳಿಸ್ಕೊಳಿ.”

ಯುನ್ ಅಕ್ಕ ಫೋನನ್ನು ಕಿವಿಗೊತ್ತಿ ಹಿಡಿದು ಕಣ್ಣು ಮುಚ್ಚುತ್ತಾರೆ. ಜಗಲಿಯಲ್ಲಿ ಸ್ಕೂಟರುಗಳ ಗದ್ದಲ. ಅವರು ಉಸಿರು ಬಿಗಿಹಿಡಿದು ಕೇಳುತ್ತಾರೆ, ಹದಿನಾಲ್ಕು ವರ್ಷ ಆ ಸಾಲಿನಲ್ಲಿ ಕೂತು ಕೇಳಿದ ಹಾಗೆ. ಆಮೇಲೆ ಕಣ್ಣು ತೆರೆದು ನನ್ನತ್ತ ನೋಡಿ ನಗುತ್ತಾರೆ.

“ಎರಡೂ ಹೆಜ್ಜೆ ಸಮ ಬೀಳ್ತಿವೆ ಮೇಸ್ತ್ರಿ. ಊರುಗೋಲಿನ ಸದ್ದೇ ಇಲ್ಲ.”