ಸತ್ತವರ ಕ್ಯಾಮೆರಾ, ಮದುವೆಯ ಕ್ಯಾಮೆರಾ

ನಮ್ಮ ಅಂಗಡಿಯಲ್ಲಿ ಕ್ಯಾಮೆರಾ ಎರಡು. ಒಂದು ಮದುವೆಗೆ, ಒಂದು ಸತ್ತವರಿಗೆ. ಮದುವೆಯದು ಸೊಸೆಯ ಕೈಯಲ್ಲಿರುತ್ತದೆ, ಸತ್ತವರದು ನನ್ನ ಕೈಯಲ್ಲಿ. ಒಂದರ ಕೆಲಸಕ್ಕೆ ಇನ್ನೊಂದನ್ನು ಒಯ್ಯುವುದಿಲ್ಲ. ಮದುವೆಯವರು ಮಾತು ಮುಗಿಸುವ ಮುಂಚೆ ಕೇಳಿಯೇ ಕೇಳುತ್ತಾರೆ, "ಇದು ಆ ಕ್ಯಾಮೆರಾ ಅಲ್ಲಲ್ರಿ?" ಸೊಸೆ ಅಲ್ಲ ಎನ್ನುತ್ತಾಳೆ. ಆಮೇಲೆ ಊಟದ ಮಾತು, ಹೂವಿನ ಮಾತು.

ಅಂಗಡಿ ಮೊದಲು ಹುಮನಾಬಾದಿನಲ್ಲಿತ್ತು. ಗಂಡ ಸತ್ತ ಮೇಲೆ ಮಗ ಬಸವಕಲ್ಯಾಣಕ್ಕೆ ತಂದ. ಅವನು ಕಂಪ್ಯೂಟರ್ ಮುಂದೆ ಕೂತು ಆಲ್ಬಮ್ ಮಾಡುತ್ತಾನೆ, ಫೋಟೋ ತೆಗೆಯುವುದು ಸೊಸೆ. ನಾನು ಎರಡನೇ ಇಯತ್ತೆ ಕಲಿತವಳು. ಹುಮನಾಬಾದಿನಲ್ಲಿದ್ದಾಗಲೇ ಗಂಡನಿಗೆ ಸಕ್ಕರೆ ಕಾಯಿಲೆಯಿಂದ ಕಾಲು ಹೋಯಿತು. ಅಂಗಡಿ ಮುಚ್ಚಬಾರದೆಂದು ಕ್ಯಾಮೆರಾ ಹಿಡಿದೆ. ಇಷ್ಟಪಟ್ಟು ಹಿಡಿದದ್ದಲ್ಲ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಗೋಡೆಗೆ ಆನಿಸಿ ಕೂಡಿಸುತ್ತಾರೆ. ಹಣೆಗೆ ವಿಭೂತಿ, ಕೊರಳಿಗೆ ಹೂವಿನ ಹಾರ. ಬಾಯಿ ತೆರೆಯದಂತೆ ಗದ್ದಕ್ಕೆ ಬಟ್ಟೆ ಕಟ್ಟುತ್ತಾರೆ. ಎರಡೂ ಬದಿಗೆ ಮನೆಯವರು ಕೂಡುತ್ತಾರೆ, ನನ್ನನ್ನು ಕರೆಯುತ್ತಾರೆ. ಈಗ ಎಲ್ಲರ ಹತ್ತಿರ ಮೊಬೈಲ್ ಇದೆ, ಆದರೂ ಕರೆಯುತ್ತಾರೆ. ಮೊಬೈಲಿನ ಫೋಟೋಗಳಲ್ಲಿ ಮುದುಕಿಯರು ಇರುವುದಿಲ್ಲ. ಇದ್ದರೂ ಯಾರದೋ ಹೆಗಲ ಹಿಂದೆ ಅರ್ಧ ಮುಖ, ಕೈಯಲ್ಲಿ ಸಾರಿನ ಬಕೀಟು. ಗೋಡೆಗೆ ಅದನ್ನು ಹಾಕಲಾಗುತ್ತದೆಯೇ?

ಸತ್ತವರ ಕ್ಯಾಮೆರಾ ಹಳೆಯದು. ರೀಲಿನ ಕಾಲ ಮುಗಿದಾಗ ಗಂಡ ತಂದದ್ದು. ಹೊಸದಾಗಿ ಕೆಲಸ ಕಲಿಯುವವರಿಗೆಂದೇ ಮಾಡಿದ್ದಂತೆ, ಎಲ್ಲಕ್ಕಿಂತ ಸಣ್ಣದು. ಆಗ ಮದುವೆಗೂ ಅದೇ ಹೋಗುತ್ತಿತ್ತು. ಮೈಯೆಲ್ಲ ಪ್ಲಾಸ್ಟಿಕ್ಕು, ಖಾಲಿ ತಂಬಿಗೆಯಷ್ಟು ಹಗುರ. ಹಿಡಿಯುವ ಕಡೆ ರಬ್ಬರು ಕಿತ್ತು ಬಂದಿದೆ, ಸೈಕಲ್ ಟ್ಯೂಬಿನ ತುಂಡು ಅಂಟಿಸಿದ್ದೇವೆ. ಹಿಂದಿನ ಪರದೆ ಕಡ್ಡಿಪೆಟ್ಟಿಗೆಯಷ್ಟು. ಬೆಳಕು ಕಡಿಮೆಯಾದರೆ ಫೋಟೋದ ಮೇಲೆ ರವೆ ಚೆಲ್ಲಿದ ಹಾಗೆ ಬರುತ್ತದೆ. ಒಳಗೆ ನೋಡಿದರೆ ಮೂರು ಕೆಂಪು ಚುಕ್ಕೆ. ನಡುವಿನದನ್ನು ಮುಖದ ಮೇಲೆ ಇಟ್ಟು ಒತ್ತಬೇಕು. ಖಟ್ ಎಂದು ದೊಡ್ಡ ಸದ್ದು ಮಾಡುತ್ತದೆ. ಅಳುತ್ತಿದ್ದವರೂ ಒಂದು ಗಳಿಗೆ ನಿಲ್ಲಿಸುತ್ತಾರೆ.

ಸೊಸೆಯದು ಹೊಸದು, ದೊಡ್ಡ ಕೆಲಸದವರ ಕ್ಯಾಮೆರಾ. ಮೂಗಿನ ಹಾಗೆ ಮುಂದೆ ಚಾಚಿದ ಲೆನ್ಸು ಸೇರಿಸಿದರೆ ಹಿಟ್ಟು ತುಂಬಿದ ಡಬ್ಬಿಯಷ್ಟು ಭಾರ. ದೀಪ ಹೋದ ಮಂಟಪದಲ್ಲೂ ಅದಕ್ಕೆ ಎಲ್ಲ ಕಾಣುತ್ತದೆ. ಯಾರ ಮುಂದೆ ಹಿಡಿದರೂ ತಾನೇ ಕಣ್ಣು ಹುಡುಕಿ ಅದರ ಮೇಲೆ ಹಸಿರು ಚೌಕ ಕೂಡಿಸುತ್ತದೆ. ಕೈ ನಡುಗಿದರೂ ತಾನೇ ಸಂಭಾಳಿಸುತ್ತದೆ. ಸದ್ದಿಲ್ಲ. ತಾಳಿ ಕಟ್ಟುವಾಗ ಸೊಸೆ ಎಷ್ಟು ತೆಗೆದಳೆಂದು ಪಕ್ಕದಲ್ಲಿ ನಿಂತು ಮದುವೆ ಮಾಡಿಸುವ ಅಯ್ಯನವರಿಗೂ ತಿಳಿಯುವುದಿಲ್ಲ. ಹಳೆಯದರಲ್ಲಿ ಏನೋ ಇತ್ತು, ಹೊಸದರಲ್ಲಿ ಇಲ್ಲ ಎಂದು ಕೆಲವರು ಹೇಳುತ್ತಾರೆ. ಏನೂ ಇರಲಿಲ್ಲ. ಹೊಸದೇ ಒಳ್ಳೆಯದು. ಸುಳ್ಳು ಯಾಕೆ ಹೇಳಲಿ?

ಒಂದು ಕೆಲಸ ಮಾತ್ರ ಯಾವ ಕ್ಯಾಮೆರಾಕ್ಕೆ ಸೇರಿದ್ದೆಂದು ನಮಗೆ ತಿಳಿಯಲಿಲ್ಲ. ಅದು ನನ್ನ ನೆಗೆಣಿಯ ಫೋಟೋ.

ನೆಗೆಣಿ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಘಾಟಬೋರಾಳದಲ್ಲಿ ಮಗನ ಜೊತೆ ಇದ್ದಾಳೆ. ಮದುವೆಯಾದ ಹೊಸದರಲ್ಲೇ ರಾಶಿ ಮಾಡುವಾಗ ಎಡಗಣ್ಣಿಗೆ ತೊಗರಿ ಕಟ್ಟಿಗೆ ಚುಚ್ಚಿ ಬಿಳಿ ಬಿದ್ದಿದೆ. ಈ ಚಳಿಗಾಲದಿಂದ ಊಟ ಹೋಗುತ್ತಿಲ್ಲ. ಹುಮನಾಬಾದಿನ ಡಾಕ್ಟರು ಮನೆಯಲ್ಲೇ ಇಟ್ಟುಕೊಳ್ಳಿ ಎಂದರು. ಮಗ ಅದನ್ನು ತಾಯಿಗೆ ಹೇಳಲಿಲ್ಲ. ಹೇಳುವುದೇನಿದೆ, ಅವಳಿಗೆ ತಿಳಿದಿತ್ತು.

ನೋಡಲು ಹೋದಾಗ ಅವಳು ಗೋಡೆಯ ಮೇಲಿನ ಗಂಡನ ಫೋಟೋ ತೋರಿಸಿದಳು. ಅದನ್ನು ನಾನೇ ತೆಗೆದಿದ್ದೆ, ಅವರು ಸತ್ತು ಕೂತಾಗ.

"ತಂಗಿ, ಇದರಾಗಿನ ಕಣ್ಣು ಯಾರವು?"

ಸತ್ತವರ ಫೋಟೋ ಅಂಗಡಿಗೆ ಬಂದ ಮೇಲೆ ನನ್ನ ಮಗ ಗದ್ದದ ಬಟ್ಟೆ ಅಳಿಸುತ್ತಾನೆ, ಕಣ್ಣು ತೆರೆಸುತ್ತಾನೆ. ಮನೆಯವರೇ ಕೇಳುತ್ತಾರೆ. ತೆರೆಸಲು ಯಾರದಾದರೂ ಕಣ್ಣು ಬೇಕಲ್ಲ. ಸತ್ತವರ ಮಗನದೋ ತಮ್ಮನದೋ ಫೋಟೋದಿಂದ ತೆಗೆದು ಹಚ್ಚುತ್ತಾನೆ. ಒಂದೇ ರಕ್ತ, ಹೊಂದುತ್ತದೆ.

"ನಿನ್ನ ಮಗನವು" ಎಂದೆ.

"ನನಗ ಅನಿಸಿತ್ತು. ದಿನಾ ಮುಂಜಾನೆ ವಿಭೂತಿ ಹಚ್ಚಾಕ ಹೋದ್ರ ಅವನ ನೋಡಿದಂಗ ಆಗ್ತದ. ಹೊಲ ನನ್ನ ಹೆಸರಿಗೆ ಯಾವಾಗ ಮಾಡ್ತಿ ಅಂತ ಕೇಳಾಕತ್ತಂಗ." ನಕ್ಕಳು, ನಗುವಾಗ ಕೆಮ್ಮು ಬಂತು. "ನನಗ ಹಂಗ ಮಾಡಬ್ಯಾಡ್ರಿ. ಜೀವ ಇದ್ದಾಗ ತೆಗಿ. ನನ್ನ ಕಣ್ಣು ನನಗ ಇರಲಿ. ಇಂಥಾ ಕಣ್ಣು ನೀವು ಎಲ್ಲಿಂದ ತಂದು ಹಚ್ಚತೀರಿ?"

ಆಗಲಿ ಎಂದೆ. ಅವಳು ಇದುವರೆಗೆ ನನ್ನಿಂದ ಏನನ್ನೂ ಕೇಳಿದವಳಲ್ಲ.

ಮನೆಗೆ ಬಂದು ಸೊಸೆಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು.

"ದೊಡ್ಡತ್ತಿ ಫೋಟೋ ತೆಗಿಯೂದಿಲ್ಲಂತ ಅನ್ನೂದಿಲ್ರಿ. ಆದ್ರ ಅದು ಫ್ರೇಮಿಗೆ ಅಲ್ರಿ?"

"ಆಕಿ ಜೀವ ಅದಾಳಲ್ಲ."

"ಜೀವ ಇದ್ರೂ ಹಾರ ಹಾಕೂ ಫೋಟೋನ ಅದು. ಇದೇ ವಾರ ಹುಮನಾಬಾದಿನಾಗ ಮದುವಿ ಅದ. ಏನರ ಎಡವಟ್ಟಾದ್ರ ನನ್ನ ಕ್ಯಾಮೆರಾದ ಮ್ಯಾಲೆ ಬರ್ತದ."

"ನೀ ಬಿ.ಎ. ಕಲ್ತಾಕಿ. ಇದನ್ನೆಲ್ಲ ನಂಬ್ತಿಯೇನು?"

"ನಾ ನಂಬೂದಿಲ್ರಿ ಅತ್ತಿ. ಗಿರಾಕಿ ನಂಬ್ತಾರ." ರೊಟ್ಟಿ ತಿರುವಿ ಹಾಕಿದಳು. "ನಿಮ್ಮದು ಒಯ್ರಿ."

ನನ್ನದು ಒಯ್ಯುವುದು ಹೇಗೆ? ಅದರ ಕರಿ ಚೀಲ ಸುತ್ತಲಿನ ಊರಿಗೆಲ್ಲ ಗೊತ್ತು. ನಾನು ಅದನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿನಿಂದ ಇಳಿದರೆ ಚಹಾದಂಗಡಿಯವರು ಲೋಟ ಕೆಳಗಿಟ್ಟು ಕೇಳುತ್ತಾರೆ, "ಯಾರು ಹೋದ್ರವ್ವ?" ಸಂತೆಗೆ ಬಂದವಳು ಎಂದರೂ ನಂಬುವುದಿಲ್ಲ. ಜೀವ ಇದ್ದವರ ಮನೆಗೆ ಆ ಚೀಲ ತಂದರೆ ಬಾಗಿಲಲ್ಲೇ ನಿಲ್ಲಿಸುತ್ತಾರೆ.

ಕ್ಯಾಮೆರಾವನ್ನು ಹಳೇ ಟವಲಿನಲ್ಲಿ ಸುತ್ತಿ ಸಂತೆಯ ಚೀಲದಲ್ಲಿ ಇಟ್ಟೆ. ಮೇಲೆ ಬದನೆಕಾಯಿ ಹಾಕಿದೆ. ಕ್ಯಾಮೆರಾ ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡು ಆ ಚೀಲದಲ್ಲಿ ಹಿಡಿಯಲಿಲ್ಲ, ಬಿಟ್ಟೆ. ಕಲ್ಯಾಣದಿಂದ ಹುಮನಾಬಾದಿಗೆ ಬಸ್ಸಿನಲ್ಲಿ ನಿಂತೇ ಹೋದೆ. ಅಲ್ಲಿಂದ ಟಂಟಂ ಆಟೋ. ಮೊಣಕಾಲು ಹಿಡಿದುಕೊಂಡಿತ್ತು. ಘಾಟಬೋರಾಳದಲ್ಲಿ ಇಳಿದಾಗ ಯಾರೂ ಏನೂ ಕೇಳಲಿಲ್ಲ. ಒಬ್ಬಾಕೆ ಬದನೆಕಾಯಿ ಹೇಗೆ ಕೊಟ್ಟರು ಎಂದಳು.

ನೆಗೆಣಿಯನ್ನು ಹಿತ್ತಲಿಗೆ ಕರೆತಂದೆ. ತೊಗರಿ ಕಟ್ಟಿಗೆಯ ಬಣವೆಯ ಮುಂದೆ ಕಲ್ಲಿನ ಮೇಲೆ ಕೂತಳು. ಸೆರಗು ಹೊದ್ದುಕೊಂಡಳು, ಮತ್ತೆ ತೆಗೆದಳು, ಮತ್ತೆ ಹೊದ್ದುಕೊಂಡಳು. ನಾನು ಕೆಂಪು ಚುಕ್ಕೆಯನ್ನು ಮುಖದ ಮೇಲೆ ಇಟ್ಟು ಒತ್ತಿದೆ. ಖಟ್.

"ಬಂತೇನು?"

"ಬಂತು. ಸುಮ್ಮ ಕೂಡು."

ಇನ್ನಷ್ಟು ಒತ್ತಿದೆ. ಬ್ಯಾಟರಿ ಮುಗಿಯಿತು. ಅದರದ್ದು ಈಗ ಅಷ್ಟೇ ಜೀವ. ಸದ್ದು ಕೇಳಿ ಅವಳ ಮಗ ಹಿತ್ತಲಿಗೆ ಬಂದ. ನನ್ನ ಕೈಯಲ್ಲಿದ್ದ ಕ್ಯಾಮೆರಾ ನೋಡಿದ.

"ಚಿಗವ್ವ, ಇದನ್ನ ಯಾಕ ತಂದಿ ಮನಿಗೆ? ಅವ್ವ ಇನ್ನಾ ಕೂತಾಳ."

"ಕೂತಾಗೇ ತೆಗಿಸ್ಕೋಬೇಕಪ್ಪ" ಎಂದಳು ನೆಗೆಣಿ. "ಆಮ್ಯಾಲೆ ನೀವ ಕೂಡಸ್ತೀರಿ."

ಅವನು ಕೆಟ್ಟವನಲ್ಲ. ಬಣವೆಯ ಆಚೆ ಹೋಗಿ ನಿಂತ, ನಾನು ಹೋಗುವ ತನಕ ಈ ಕಡೆ ತಿರುಗಲಿಲ್ಲ.

ಸಂಜೆ ನನ್ನ ಮಗ ಕಂಪ್ಯೂಟರಿನಲ್ಲಿ ಹಾಕಿ ನೋಡಿದ. ಒಂದಾದ ಮೇಲೆ ಒಂದು ಸರಿಸಿದ.

"ಅವ್ವಾ, ಎಲ್ಲಾ ಅಳ್ಳಾಡ್ಯಾವ."

"ಆಕಿ ಅಳ್ಳಾಡಿಲ್ಲ."

"ಆಕಿ ಅಲ್ಲ. ಬಣವಿನೂ ಅಳ್ಳಾಡ್ಯದ."

ಆಗ ನನ್ನ ಕೈ ನೋಡಿಕೊಂಡೆ. ಸತ್ತವರ ಮನೆಯಲ್ಲಿ ಸ್ಟ್ಯಾಂಡಿನ ಮೇಲೆ ಇಟ್ಟು ಒತ್ತುತ್ತೇನೆ. ಅವರಿಗೂ ಅವಸರವಿಲ್ಲ, ನನಗೂ ಇಲ್ಲ. ಅದಕ್ಕೇ ಇಷ್ಟು ದಿನ ತಿಳಿದಿರಲಿಲ್ಲ. ಬೆರಳು ಸುಮ್ಮನಿದ್ದರೂ ಮಣಿಕಟ್ಟು ನಡುಗುತ್ತಿತ್ತು. ಪರದೆಯ ಮೇಲೆ ನೆಗೆಣಿಗೆ ಮೂಗು ಎರಡು ಇದ್ದವು, ಕಣ್ಣು ಒಂದೂ ಇರಲಿಲ್ಲ.

"ಇರಲಿ ಬಿಡು, ನಾ ಸರಿ ಮಾಡ್ತೀನಿ" ಎಂದ ಮಗ.

"ಹ್ಯಾಂಗ ಮಾಡ್ತಿ? ಯಾರ ಕಣ್ಣು ಹಚ್ಚತಿ?"

ಅವನು ಮತ್ತೆ ಮೊದಲಿನಿಂದ ಒಂದೊಂದೇ ಸರಿಸತೊಡಗಿದ. ಸೊಸೆ ಹಿಂದೆ ನಿಂತು ನೋಡುತ್ತಿದ್ದಳು. ನಾನು ಹೋಗಿ ಮಲಗಿದೆ. ನನಗೆ ಸಾಕಾಗಿತ್ತು. ನೆಗೆಣಿಗೆ ಏನು ಹೇಳುವುದು ಎಂದೂ ಯೋಚನೆ ಮಾಡಲಿಲ್ಲ.

ಮುಂಜಾನೆ ಎದ್ದಾಗ ಸೊಸೆ ತನ್ನ ಕ್ಯಾಮೆರಾದ ಬ್ಯಾಟರಿ ಚಾರ್ಜಿಗೆ ಇಟ್ಟಿದ್ದಳು.

"ಅವರ ಮನ್ಯಾಗ ಕೂಸು ಅದ ಅಲ್ರಿ? ಮೊಮ್ಮಗಂದು?"

"ಅದ. ಈಗ ಕೂಡಾಕತ್ತದ."

"ಮೊದಲ ಕೂಸಿಂದು ತೆಗಿತೀನಿ. ಕಡೀಗೂ ಕೂಸಿಂದ ತೆಗಿತೀನಿ. ನಡುವ ದೊಡ್ಡತ್ತಿ ಬರ್ಲಿ. ಯಾರರ ಕೇಳಿದ್ರ, ಕೂಸಿನ ಫೋಟೋಕ್ಕ ಹೋಗಿದ್ದೆ ಅಂತೀನಿ. ಸುಳ್ಳಾಗೂದಿಲ್ಲ."

ಈ ಬುದ್ಧಿ ರೊಟ್ಟಿ ಬಡಿಯುವಾಗಲೇ ಬಂದಿದ್ದರೆ ನಾನು ಬಸ್ಸಿನಲ್ಲಿ ನಿಂತು ಹೋಗುವುದು ತಪ್ಪುತ್ತಿತ್ತು. ಹಾಗೆಂದೆ. ಅವಳು ನಕ್ಕು ಸ್ಕೂಟಿ ಹೊರಗೆ ತೆಗೆದಳು.

ನೆಗೆಣಿಯ ಮಗ ಹೊಸ ಕ್ಯಾಮೆರಾ ನೋಡಿ ತಾನೇ ಹಿತ್ತಲಿಗೆ ಕುರ್ಚಿ ತಂದು ಹಾಕಿದ. ಸೊಸೆ ಮೊದಲು ಕೂಸನ್ನು ತೆಗೆದಳು. ಆಮೇಲೆ ಅದನ್ನು ನೆಗೆಣಿಯ ತೊಡೆಯ ಮೇಲೆ ಕೂಡಿಸಿದಳು. ನಾನು ಅವಳ ಹೆಗಲ ಹಿಂದೆ ನಿಂತು ಪರದೆ ನೋಡುತ್ತಿದ್ದೆ. ಹಸಿರು ಚೌಕ ಹೋಗಿ ಕೂಸಿನ ಕಣ್ಣ ಮೇಲೆ ಕೂತಿತು. ಕೂಸನ್ನು ಎತ್ತಿಕೊಂಡ ಮೇಲೆ ನೆಗೆಣಿಯ ಬಲಗಣ್ಣಿಗೆ ಬಂತು. ಎಡಗಣ್ಣನ್ನು ಅದು ಕಣ್ಣೆಂದೇ ಹಿಡಿಯಲಿಲ್ಲ. ಸೊಸೆ ಏನೋ ತಿರುವಿದಳು, ಬೆರಳಿನಿಂದ ಚೌಕವನ್ನು ಎಡಗಣ್ಣಿನ ಮೇಲೆ ಎಳೆದಿಟ್ಟಳು.

ನೆಗೆಣಿ ಉಸಿರು ಬಿಗಿಹಿಡಿದು ಕೂತಿದ್ದಳು. ಸದ್ದಿಗೆ ಕಾಯುತ್ತಿದ್ದಳು.

"ತೆಗಿ ಹುಡುಗಿ, ಎಷ್ಟೊತ್ತು?"

"ತಗದಾಯ್ತು ದೊಡ್ಡತ್ತಿ."

"ಯಾವಾಗ?"

ಆ ಮಾತು ಕೇಳುವಾಗ ಅವಳು ಮುಖ ಎತ್ತಿದ್ದನ್ನೂ ಸೊಸೆ ಬಿಡಲಿಲ್ಲ. ಅದೇ ಚೆನ್ನಾಗಿ ಬಂದಿತ್ತು. ಪರದೆಯಲ್ಲಿ ತೋರಿಸಿದಳು. ಎರಡೂ ಕಣ್ಣು ಇದ್ದವು, ಕರಿಯದೂ ಬಿಳಿಯದೂ. ಗದ್ದದ ಮೇಲಿನ ಕೂದಲು, ಹಣೆಯ ನೆರಿಗೆ, ತುಟಿಯ ಬಿರುಕು ಎಲ್ಲ ಇದ್ದವು. ನೆಗೆಣಿ ಕ್ಯಾಮೆರಾವನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು.

"ಬ್ಯಾಸಗಿ ಹೊಲ ಇದ್ದಂಗದ" ಎಂದಳು. "ಇರಲಿ. ನನ್ನದ ಅದ."

ಅವಳ ಮಗ ಬಗ್ಗಿ ನೋಡಿದ. ಹಾರ ಹಾಕುವ ಫೋಟೋ ಎಂದು ಅವನಿಗೂ ಆಗ ತಿಳಿದಿರಬೇಕು. ಮೆಲ್ಲಗೆ ಹೇಳಿದ, "ಎಡಗಣ್ಣು ಜರಾ ಸರಿ ಮಾಡಿದ್ರ ಚಲೋ ಕಾಣ್ತದ, ತಂಗಿ. ನಂದು ಬೇಕಾದ್ರ ತೊಗೊಳ್ರಿ."

"ನಿನ್ನವು ಅಪ್ಪಗ ಕೊಟ್ಟೀದಿ, ಸಾಕು" ಎಂದಳು ನೆಗೆಣಿ.

ಅವನು ಸೊಸೆಯ ಮುಖ ನೋಡಿದ. ಸೊಸೆ, "ಇಲ್ರಿ ಭಾವ, ಮುಟ್ಟೂದಿಲ್ಲ" ಎಂದಳು. ಅವನು ಒಳಗೆ ಹೋಗಿ ಚಹಾ ಇಡಲು ಹೇಳಿದ.

ಕಡೆಯದಾಗಿ ಕೂಸಿನ ಫೋಟೋ ತೆಗೆಯಬೇಕಿತ್ತು. ಅದು ನಿದ್ದೆ ಹೋಗಿತ್ತು. ಎಬ್ಬಿಸುವುದು ಬೇಡವೆಂದು ಕೂತೆವು. ನಾನು ಬಣವೆಗೆ ಆತುಕೊಂಡು ಕಾಲು ಚಾಚಿದೆ. ಸೊಸೆ ಎದುರಿಗೆ ಕೂತು ಕ್ಯಾಮೆರಾ ಒರೆಸುತ್ತಿದ್ದಳು.

"ನಿಂದು ತೆಗಿಸಿಯೇನು?" ಎಂದಳು ನೆಗೆಣಿ ನನಗೆ.

"ನಂದು ಯಾಕ?"

"ಊರ ಮಂದಿದೆಲ್ಲ ತಗದಿ. ನಿಂದು ಯಾರು ತೆಗಿಬೇಕು?"

"ನನ್ನ ಮಗನ ಕಣ್ಣು ಚಲೋ ಅವ. ಹಚ್ಕೋತೀನಿ."

ಅವಳು ಕೈ ಬೀಸಿ ಬೈದಳು. ನಾನೂ ಏನೋ ಬೈದೆ. ಸೊಸೆಯ ಕ್ಯಾಮೆರಾ ನನ್ನ ಕಡೆ ತಿರುಗಿತ್ತು. ಸದ್ದೇನೂ ಆಗಲಿಲ್ಲ. ಒರೆಸುತ್ತಿದ್ದಾಳೆ ಎಂದುಕೊಂಡೆ. ಕೂಸು ಎದ್ದಿತು, ಅದರ ಫೋಟೋ ತೆಗೆದು ಚಹಾ ಕುಡಿದು ಹೊರಟೆವು.

ನೆಗೆಣಿಯ ಫೋಟೋಕ್ಕೆ ಫ್ರೇಮು ಹಾಕಿ ಕೊಟ್ಟಿದ್ದೇವೆ. ಅವಳು ಅದನ್ನು ಹಾಸಿಗೆಯ ಪಕ್ಕ, ಗೋಡೆಗೆ ಮುಖ ಮಾಡಿ ಇಟ್ಟುಕೊಂಡಿದ್ದಾಳೆ. ಬಂದವರಿಗೆ ತಿರುಗಿಸಿ ತೋರಿಸುತ್ತಾಳೆ. ಅವಳ ದಿನ ಬಂದಾಗ ಕರಿ ಚೀಲ ಒಯ್ಯುವುದಿಲ್ಲ. ಬೇರೆಯವರ ಮನೆಗೆ ಇನ್ನೂ ಹೋಗುತ್ತೇನೆ. ಸ್ಟ್ಯಾಂಡು ಗಟ್ಟಿಯಿದೆ.

ಹೋದ ವಾರ ಮಗ ಕಂಪ್ಯೂಟರಿನಿಂದ ಕೂಗಿ ಕರೆದ. ಕೂಸಿನ ಫೋಟೋಗಳ ನಡುವೆ ನನ್ನದೂ ಒಂದು ಇತ್ತು. ಬಾಯಿ ತೆರೆದು ಯಾರಿಗೋ ಬೈಯುತ್ತಿದ್ದೇನೆ, ತಲೆಯ ಮೇಲೆ ತೊಗರಿ ಎಲೆ. ಮಗ ಇದನ್ನು ಇಡಬೇಕೋ ಅಳಿಸಬೇಕೋ ಎಂದು ಕೇಳಿದ.

"ಇಡು" ಎಂದೆ. "ಬಾಯಿ ಬೇಕಾದ್ರ ಮುಚ್ಚಸು. ಕಣ್ಣು ಮುಟ್ಟಬ್ಯಾಡ."