ಮಡಕೆಯ ಬಾಯಿಗೆ ಮೆತ್ತಿದ ಮಣ್ಣು

ಮೊಮ್ಮಗಳ ಇದ್ದಿಲು ಕೆಟ್ಟಿದ್ದು ನನ್ನ ಹೊಟ್ಟೆಕಿಚ್ಚಿನಿಂದ. ಹೊಟ್ಟು ಹಸಿಯಿತ್ತು, ಮಡಕೆ ಹಳೆಯದು ಎಂದು ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದರು. ಎಲ್ಲ ಸುಳ್ಳು.

ನನ್ನ ಮಗಳ ಮಗಳು ಆಗ ಚಿಕ್ಕಮಗಳೂರಿನಲ್ಲಿ ಕಾಲೇಜು ಓದುತ್ತಿದ್ದಳು. ಬಣ್ಣ ಕದಡಿದ ನೀರನ್ನು ಕಾಫಿ ಹೊಟ್ಟಿನ ಇದ್ದಿಲಿನಿಂದ ತಿಳಿ ಮಾಡಿ ತೋರಿಸಬೇಕು, ಅದೇ ಅವಳ ಪರೀಕ್ಷೆಯ ಕೆಲಸ. ಇದ್ದಿಲನ್ನು ಆಸಿಡ್‌ನಲ್ಲಿ ನೆನೆಸಿ, ತೊಳೆದು ಒಣಗಿಸಿದರೆ ಬಣ್ಣವನ್ನು ಇನ್ನೂ ಚೆನ್ನಾಗಿ ಹೀರುತ್ತದಂತೆ. ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಹೊಟ್ಟು ಸುಡುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಭತ್ತದ ಹೊಟ್ಟು ಸುಟ್ಟು ಹಲ್ಲುಪುಡಿ ಮಾಡಿ ಮಾಡಿ ಕೈ ಪಳಗಿತ್ತು. ಮಡಕೆಗೆ ಹೊಟ್ಟು ತುಂಬಿ, ಮುಚ್ಚಳದ ಸುತ್ತ ಕೆಮ್ಮಣ್ಣು ಮೆತ್ತಿ, ಹೊಗೆಗೊಂದು ಕಿರುತೂತು ಬಿಟ್ಟು ಬೆಂಕಿಯಲ್ಲಿಡಬೇಕು. ಹೊಗೆ ನಿಂತ ಕೂಡಲೇ ತೂತು ಮುಚ್ಚಬೇಕು. ತಣ್ಣಗಾಗುವ ಮೊದಲು ಗಾಳಿ ಹೊಕ್ಕರೆ ಬೂದಿ.

ಹುಡುಗಿ ನನ್ನನ್ನು ಕೇಳಲಿಲ್ಲ. ಕಾಫಿ ಕಣ ದಾಟಿ ನನ್ನ ಓರಗಿತ್ತಿಯ ಮನೆಗೆ ಹೋದಳು. ಮೈದುನನ ಹೆಂಡತಿ ಅವಳು. ಹಲ್ಲುಪುಡಿಯನ್ನು ಪೊಟ್ಟಣ ಕಟ್ಟಿ ನೆಂಟರಿಗೆಲ್ಲ ಹಂಚಿ ಹೆಸರು ಮಾಡಿಕೊಂಡಿದ್ದಳು. ಮದುವೆಯಾಗಿ ಬಂದಾಗ ಒಲೆ ಹಚ್ಚಲೂ ಬಾರದವಳಿಗೆ ಈ ಕೆಲಸ ಕಲಿಸಿದ್ದು ನಾನು. ಅಂಗಳದಲ್ಲಿ ಅವರಿಬ್ಬರೂ ನಗುತ್ತಾ ಮಣ್ಣು ಮೆತ್ತುವುದನ್ನು ಕಿಟಕಿಯಿಂದ ನೋಡಿದೆ. ಊಟ ಸೇರಲಿಲ್ಲ.

ಮಧ್ಯಾಹ್ನ ಅವಳ ಮನೆಯಲ್ಲಿ ಎಲ್ಲರೂ ಮಲಗಿದ್ದರು. ಮಡಕೆ ಇನ್ನೂ ಸುಡುತ್ತಿತ್ತು. ನಾನು ಹೋಗಿ ಕೋಲಿನಿಂದ ಕೈಯಗಲ ಮಣ್ಣು ಕೆತ್ತಿ, ಮುಚ್ಚಳ ಸರಿಸಿ ಬಂದೆ. ಅವರು ಏಳುವ ಹೊತ್ತಿಗೆ ಮತ್ತೆ ಹೋಗಿ ಮುಚ್ಚಿ ಹಸಿ ಮಣ್ಣು ಮೆತ್ತಿದೆ.

ಮರುದಿನ ಓರಗಿತ್ತಿ ಮೇಲಿನ ಬೂದಿ ಊದಿ, ಇದ್ದಿಲನ್ನು ಡಬ್ಬಿಗೆ ತುಂಬಿ ಕಳಿಸಿದಳು. ಮುಂದಿನ ಭಾನುವಾರ ಹುಡುಗಿ ಮುಖ ಇಳಿಸಿಕೊಂಡು ಬಂದಳು. ಆಸಿಡ್ ಹಾಕಿದ್ದೇ ಒಳಗಿದ್ದ ಬೂದಿಯೆಲ್ಲ ನೊರೆಯಾಗಿ ಉಕ್ಕಿತಂತೆ, ತೊಳೆದ ಮೇಲೆ ಉಳಿದದ್ದು ಒಂದು ಹಿಡಿ. ನೀಲಿ ನೀರು ನೀಲಿಯಾಗಿಯೇ ನಿಂತಿತಂತೆ. ಇನ್ನೊಂದು ವಾರದಲ್ಲಿ ತೋರಿಸದಿದ್ದರೆ ವರ್ಷವೇ ಹೋಗುತ್ತದೆ. ಆಗಲೂ ಅವಳು ಹೋದದ್ದು ಕಣದ ಆಚೆಗೇ. ಅವರ ಮಾತು ನನ್ನ ಕಿಟಕಿಗೆ ಕೇಳುತ್ತಿತ್ತು.

"ಇನ್ನೊಂದ್ ಸಲ ಮಾಡ್ಕೊಡಿ, ಚಿಕ್ಕಜ್ಜಿ."

"ನನ್ ಕೈಲಿ ಆಗಲ್ಲ ಮಾರಾಯ್ತಿ. ನಿನ್ನಜ್ಜೀನ ಕೇಳು. ನಂಗೆ ಕಲ್ಸಿದ್ದೇ ಅವ್ರು."

ನನಗೆ ಬೇಕಾಗಿದ್ದು ಈ ಮಾತೇ. ಹುಡುಗಿ ಬಂದು ಕೇಳಿದಳು, ಆಯ್ತು ಅಂದೆ. ಸಂತೋಷವೇನೂ ಆಗಲಿಲ್ಲ. ಕೇಳಿದ್ದು ಅವಳು, ಕಳಿಸಿದ್ದು ಓರಗಿತ್ತಿ.

ಮರುದಿನ ಬೆಳಿಗ್ಗೆ ಒಂದು ಬುಟ್ಟಿ ಹೊಟ್ಟು, ಮಡಕೆ, ಕೆಮ್ಮಣ್ಣು ಹೊತ್ತು ಓರಗಿತ್ತಿಯ ಅಂಗಳಕ್ಕೇ ಹೋದೆ. ಹೋದವಳೇ ಮಣ್ಣು ಕಲಸಲು ಕೂತೆ. ಅವಳು ಬಾಗಿಲಿಗೆ ಬಂದಳು.

"ಅವತ್ತು ಮಡಕೆ ಮುಚ್ಚಳ ತೆಗ್ದಿದ್ದು ನಾನು," ಅಂದೆ.

"ಗೊತ್ತು. ನಾನು ಅಂಗೈಲಿ ಮೆತ್ತೋದು. ಆ ಮಣ್ಣಲ್ಲಿ ನಿಮ್ ಹೆಬ್ಬೆಟ್ಟಿನ ಗುರ್ತಿತ್ತು." ಮೆಟ್ಟಿಲಿಳಿದು ಬಂದು ಮಣ್ಣು ಮುಟ್ಟಿ ನೋಡಿದಳು. "ಗಟ್ಟಿಯಾಯ್ತಕ್ಕ, ನೀರು ಹಾಕಿ."

ಇನ್ನೊಂದು ಚೊಂಬು ನೀರು ಹೊಯ್ದು ಕಲಸಿದೆ.